ಸ್ಟೋರ್ ತುಂಬಿದೆ, ಆದರೂ ಲೈನ್ ನಿಲ್ಲುತ್ತಿದೆ: ಮೆಟೀರಿಯಲ್ ಪ್ಲಾನಿಂಗ್ ನೀವು ಹೇಗೆ ಮಾಡುತ್ತೀರಿ?

ಕೇಳಿದವರು (ಪೀಣ್ಯ, ಸಣ್ಣ ಯೂನಿಟ್ ಮಾಲೀಕರು):

ನಮ್ಮಲ್ಲಿ ಹೈಡ್ರಾಲಿಕ್ ವಾಲ್ವ್ ಜೋಡಿಸಿ ಕೊಡುತ್ತೇವೆ. ಬಾಡಿ ಕಾಸ್ಟಿಂಗ್, ಅಂದರೆ ವಾಲ್ವ್‌ನ ಎರಕದ ಮೈ, ಬೆಳಗಾವಿಯಿಂದ ಬರುತ್ತದೆ. ಅಡಾಪ್ಟರ್ (ಪೈಪ್ ಜೋಡಿಸುವ ತುಂಡು) ನಾವೇ ಸಿಎನ್‌ಸಿಯಲ್ಲಿ (ಕಂಪ್ಯೂಟರ್ ನಡೆಸುವ ಮೆಷಿನ್) ಟರ್ನಿಂಗ್ ಮಾಡುತ್ತೇವೆ, ಅಂದರೆ ಬಾರ್ ತಿರುಗಿಸಿ ಕಡೆಯುತ್ತೇವೆ. ಪ್ಲೇಟಿಂಗ್ (ಮೇಲೆ ಲೋಹದ ಲೇಪ) ಹೊರಗೆ ಮಾಡಿಸುತ್ತೇವೆ. ಸ್ಟೋರ್‌ನಲ್ಲಿ ಕಾಲಿಡಲು ಜಾಗ ಇಲ್ಲ. ಆದರೂ ಪ್ರತಿ ತಿಂಗಳ ಕೊನೆ ವಾರ ಒಂದಲ್ಲ ಒಂದು ಐಟಂ ಇಲ್ಲ ಅಂತ ಜೋಡಣೆ ನಿಲ್ಲುತ್ತದೆ. ಒಮ್ಮೆ ಕಾಸ್ಟಿಂಗ್, ಇನ್ನೊಮ್ಮೆ ಎರಡು ರೂಪಾಯಿಯ ಓ-ರಿಂಗ್ (ಸೋರದಂತೆ ತಡೆಯುವ ರಬ್ಬರ್ ಬಳೆ). ಇಆರ್‌ಪಿ (ಸ್ಟಾಕ್, ಖರೀದಿ, ಲೆಕ್ಕ ಎಲ್ಲ ಒಂದೇ ಕಡೆ ನೋಡುವ ಸಾಫ್ಟ್‌ವೇರ್) ಹಾಕಿಸಿ ಅಂತ ಎಲ್ಲರೂ ಹೇಳುತ್ತಾರೆ. ಹಾಕಿಸಲೇಬೇಕಾ, ಎಕ್ಸೆಲ್ ಸಾಕಾ? ಈ ಕೆಲಸ ಮಾಡಿದವರು ದಯವಿಟ್ಟು ಹೇಳಿ.

ಉತ್ತರ (ಬೆಂಗಳೂರು, ಸ್ಟೋರ್ಸ್ ಮತ್ತು ಪ್ಲಾನಿಂಗ್):

ಸರ್, ಸಾಫ್ಟ್‌ವೇರ್ ವಿಚಾರ ಸದ್ಯಕ್ಕೆ ಬದಿಗಿಡಿ. ಯಾವ ಸಾಫ್ಟ್‌ವೇರ್ ತಂದರೂ ಅದು ಕೇಳುವುದು ಮೂರೇ: ಎಷ್ಟು ಬೇಕು, ಎಷ್ಟಿದೆ, ತರಿಸಲು ಎಷ್ಟು ದಿನ ಬೇಕು. ಈ ಮೂರೂ ಸರಿಯಾಗಿ ಗೊತ್ತಿದ್ದರೆ ನಿಮ್ಮ ಗಾತ್ರದ ಯೂನಿಟ್‌ಗೆ ಎಕ್ಸೆಲ್ ಸಾಕು. ಗೊತ್ತಿಲ್ಲದಿದ್ದರೆ ಲಕ್ಷಗಟ್ಟಲೆ ಕೊಟ್ಟರೂ ತಪ್ಪು ಲೆಕ್ಕವೇ ಬರುತ್ತದೆ, ಬೇಗ ಬರುತ್ತದೆ ಅಷ್ಟೇ.

ನಾನು ನೋಡಿದ ಕಡೆಯೆಲ್ಲ ಜಾಸ್ತಿ ಎಡವಟ್ಟಾಗುವುದು 'ಎಷ್ಟಿದೆ' ಅನ್ನುವಲ್ಲಿ. ರ‍್ಯಾಕ್‌ನಲ್ಲಿ ಇರುವುದನ್ನು ಎಣಿಸಿ ಸ್ಟಾಕ್ ಇಷ್ಟೇ ಅಂತ ಬರೆದುಬಿಡುತ್ತಾರೆ. ಮೆಷಿನ್ ಪಕ್ಕದ ಟ್ರೇಯಲ್ಲಿ ಇರುವುದು, ಪ್ಲೇಟಿಂಗ್‌ಗೆ ಹೋಗಿರುವುದು, ಇನ್‌ಸ್ಪೆಕ್ಷನ್‌ಗೆ ಕಾದು ಕುಳಿತಿರುವುದು, ಇವೆಲ್ಲ ಯಾರ ಲೆಕ್ಕಕ್ಕೂ ಬರುವುದಿಲ್ಲ. ಹಾಗಾಗಿ ಇದ್ದದ್ದನ್ನೇ ಮತ್ತೆ ತರಿಸುತ್ತಾರೆ. ಇನ್ನೊಂದು ಕಡೆ ರಿಜೆಕ್ಷನ್ ಆದ ಪೀಸು ಪುಸ್ತಕದಲ್ಲಿ ಒಳ್ಳೆ ಸ್ಟಾಕ್ ಅಂತಲೇ ಕುಳಿತಿರುತ್ತದೆ, ಇದೆ ಅಂತ ನಂಬಿ ಆರ್ಡರ್ ಹಾಕುವುದಿಲ್ಲ, ಕೊನೆ ವಾರದಲ್ಲಿ ಗೊತ್ತಾಗುತ್ತದೆ. ನಿಮ್ಮ ಸ್ಟೋರ್ ತುಂಬಿಯೂ ಲೈನ್ ನಿಲ್ಲುವುದಕ್ಕೆ ಕಾರಣ ಬಹುಶಃ ಇದೇ ಇರಬೇಕು.

ಲೆಕ್ಕ ಹೇಗೆ ಅಂತ ನಿಮ್ಮದೇ ಐಟಂ ಇಟ್ಟುಕೊಂಡು ಹೇಳುತ್ತೇನೆ, ಅಂಕಿಗಳು ಉದಾಹರಣೆಗೆ ಮಾತ್ರ. ತಿಂಗಳಿಗೆ 500 ವಾಲ್ವ್, ಒಂದಕ್ಕೆ ಎರಡು ಅಡಾಪ್ಟರ್, ಅಂದರೆ 1000 ಬೇಕು. ಸ್ಟೋರ್‌ನಲ್ಲಿ 180 ಇದೆ, ಪ್ಲೇಟಿಂಗ್‌ನಲ್ಲಿ 120 ಇದೆ. ಉಳಿದದ್ದು 700. ನೂರಕ್ಕೆ ನಾಲ್ಕು ರಿಜೆಕ್ಟ್ ಆಗುತ್ತದೆ ಅಂದರೆ 730 ಪೀಸು ತೆಗೆಯಬೇಕು. ಈಗ ಬಾರ್ ಲೆಕ್ಕ. ಇಎನ್ 8 (ಒಂದು ಬಗೆಯ ಸ್ಟೀಲ್), 32 ಮಿಮೀ ರೌಂಡ್ ಬಾರ್. ಡ್ರಾಯಿಂಗ್‌ನಲ್ಲಿ ಪೀಸಿನ ಉದ್ದ 46 ಮಿಮೀ ಇರಬಹುದು, ಆದರೆ ಪೀಸು ಕತ್ತರಿಸುವ ಪಾರ್ಟಿಂಗ್ ಟೂಲ್ 3 ಮಿಮೀ ತಿನ್ನುತ್ತದೆ, ತುದಿ ಸಮ ಮಾಡುವ ಫೇಸಿಂಗ್‌ಗೆ 1 ಮಿಮೀ ಹೋಗುತ್ತದೆ. ಹಾಗಾಗಿ ಒಂದು ಪೀಸಿಗೆ 50 ಮಿಮೀ. ಮೂರು ಮೀಟರ್ ಬಾರಿನಲ್ಲಿ ಚಕ್ (ಮೆಷಿನ್‌ನಲ್ಲಿ ಬಾರನ್ನು ಹಿಡಿಯುವ ಭಾಗ) ಹಿಡಿಯುವ ತುದಿ ತುಂಡು ಸುಮಾರು 150 ಮಿಮೀ ಬಿಟ್ಟರೆ ಸಿಗುವುದು 57 ಪೀಸು. 730ಕ್ಕೆ 13 ಬಾರ್. ತೂಕಕ್ಕೆ ನಮ್ಮ ಹಳೇ ಸೂತ್ರ ಗೊತ್ತಲ್ವಾ, ಮಿಮೀ ಲೆಕ್ಕದ ವ್ಯಾಸದ ವರ್ಗವನ್ನು 162ರಿಂದ ಭಾಗಿಸಿದರೆ ಮೀಟರಿಗೆ ಎಷ್ಟು ಕೆಜಿ ಅಂತ ಬರುತ್ತದೆ. ಇಲ್ಲಿ ಅದು 6.32. ಒಟ್ಟು 246 ಕೆಜಿ ಹತ್ತಿರ ಬೇಕು. ಇದನ್ನೇ ಡ್ರಾಯಿಂಗ್ ಉದ್ದ ಹಿಡಿದು 700 ಪೀಸಿಗೆ ಲೆಕ್ಕ ಹಾಕಿದರೆ 204 ಕೆಜಿಯೂ ಬರುವುದಿಲ್ಲ. ಆ 40 ಕೆಜಿ ಚಿಲ್ಲರೆಯ ಕೊರತೆಯೇ ತಿಂಗಳ ಕೊನೆಗೆ ನಿಮ್ಮ ಲೈನ್ ನಿಲ್ಲಿಸುವುದು. ಪ್ರತಿ ಐಟಂಗೂ ಪಾರ್ಟ್ ಲಿಸ್ಟ್‌ನಲ್ಲಿ ಡ್ರಾಯಿಂಗ್ ಉದ್ದ ಬೇಡ, ಕಟ್ಟಿಂಗ್ ಉದ್ದ ಬರೆಯಿರಿ. ಅದನ್ನು ಆಪರೇಟರ್ ಹತ್ತಿರ ನಿಂತು ಕೇಳಿ ಬರೆಯಿರಿ, ಆಫೀಸಿನಲ್ಲಿ ಕುಳಿತು ಬರೆದರೆ ಸರಿ ಬರುವುದಿಲ್ಲ.

ಆಮೇಲೆ ದಿನದ ಲೆಕ್ಕ, ಇದನ್ನು ಹಿಂದಿನಿಂದ ಮಾಡಬೇಕು. 25ಕ್ಕೆ ಡಿಸ್ಪ್ಯಾಚ್ ಅಂದರೆ ಜೋಡಣೆ, ಟೆಸ್ಟಿಂಗ್‌ಗೆ ಮೂರು ದಿನ, ಪ್ಲೇಟಿಂಗ್ ಆದ ಪೀಸು 21ರ ಸಂಜೆಗೆ ಒಳಗೆ ಇರಬೇಕು. ಪ್ಲೇಟಿಂಗ್‌ಗೆ ಹೋಗಿ ಬರಲು ಐದು ದಿನ, ಅಂದರೆ 16ಕ್ಕೆ ಹೊರಡಬೇಕು. ಟರ್ನಿಂಗ್ ಆರು ದಿನ, 10ಕ್ಕೆ ಶುರು. ಬಾರ್ ತರಿಸಲು ನಾಲ್ಕೈದು ದಿನ, 5ನೇ ತಾರೀಕಿಗೆ ಆರ್ಡರ್ ಹೋಗಿರಬೇಕು. ಕಾಸ್ಟಿಂಗ್‌ಗೆ 25 ದಿನ, ಅದರ ಮಷಿನಿಂಗ್‌ಗೆ ಒಂದು ವಾರ ಅಂದುಕೊಂಡರೆ ಹಿಂದಿನ ತಿಂಗಳ 20ಕ್ಕೇ ಆರ್ಡರ್ ಹಾಕಬೇಕಿತ್ತು. ಕಸ್ಟಮರ್ ಶೆಡ್ಯೂಲ್ ಬರುವುದೇ ಒಂದನೇ ತಾರೀಕಿಗೆ ಅಂದರೆ ಕಾಸ್ಟಿಂಗ್ ಯಾವತ್ತೂ ಟೈಮಿಗೆ ಬರುವುದಿಲ್ಲ, ಫೌಂಡ್ರಿಯವರನ್ನು ಸುಮ್ನೆ ಬೈದು ಪ್ರಯೋಜನ ಇಲ್ಲ. ಕಸ್ಟಮರ್ ಹತ್ತಿರ ಮುಂದಿನ ಎರಡು ತಿಂಗಳ ಅಂದಾಜನ್ನಾದರೂ ಮೇಲ್‌ನಲ್ಲಿ ತರಿಸಿಕೊಳ್ಳಿ.

ಓ-ರಿಂಗ್, ಬೋಲ್ಟ್, ವಾಷರ್‌ಗೆ ಇಷ್ಟೆಲ್ಲ ತಲೆಕೆಡಿಸಿಕೊಳ್ಳಬೇಡಿ. ಒಂದು ವಾಲ್ವ್‌ಗೆ ನಾಲ್ಕು ಓ-ರಿಂಗ್ ಇದ್ದರೆ ತಿಂಗಳಿಗೆ 2000, 25 ಕೆಲಸದ ದಿನ ಹಿಡಿದರೆ ದಿನಕ್ಕೆ 80. ತರಿಸಲು ಏಳು ದಿನ, ಅದಕ್ಕೆ 560. ತಡವಾದರೆ ಅಂತ ಇನ್ನು ನಾಲ್ಕು ದಿನದ್ದು 320. ಒಟ್ಟು 880. ಹಾಗಾಗಿ 900 ಎಣಿಸಿ ಒಂದು ಕವರಿಗೆ ಹಾಕಿ ಕಟ್ಟಿಡಿ, ಮೇಲೆ ಐಟಂ ಹೆಸರು, ಸಪ್ಲೈಯರ್, ಎಷ್ಟು ತರಿಸಬೇಕು ಅಂತ ಬರೆದ ಚೀಟಿ. ಹೊರಗಿನದ್ದು ಖಾಲಿಯಾಗಿ ಕವರ್ ಒಡೆದ ದಿನ ಆ ಚೀಟಿ ಪರ್ಚೇಸ್‌ನವರ ಟೇಬಲ್ ಮೇಲೆ ಇರಬೇಕು. ಕಂಪ್ಯೂಟರ್ ಬೇಕಾಗಿಲ್ಲ. ರಬ್ಬರಿಗೆ ವಯಸ್ಸಿದೆ, ಬಿಸಿಲು ಬೀಳುವ ಕಿಟಕಿ ಪಕ್ಕ ಇಡಬೇಡಿ, ಹಳೇದು ಮೊದಲು ಹೋಗಲಿ.

ವರ್ಷಕ್ಕೊಮ್ಮೆ ಮಾರ್ಚ್ ಕೊನೆಗೆ ಎಣಿಸಿದರೆ ಸಾಲದು. ದುಬಾರಿ ಐಟಂಗಳನ್ನು ವಾರವಾರ ನಾಲ್ಕೈದರಂತೆ ಎಣಿಸಿ ಪುಸ್ತಕದ ಜೊತೆ ತಾಳೆ ನೋಡಿ. ವ್ಯತ್ಯಾಸ ಬಂದರೆ ಅಂಕಿ ತಿದ್ದಿ ಸುಮ್ಮನಾಗಬೇಡಿ, ಯಾಕೆ ಬಂತು ಅಂತ ಅವತ್ತೇ ಕೇಳಿ. ಆಯುಧ ಪೂಜೆಗೆ ಹೇಗೂ ಇಡೀ ಶಾಪ್ ತೊಳೆದು ಗುಡಿಸುತ್ತೀರಿ, ಆಗ ಮೆಷಿನ್ ಹಿಂದೆ, ಬೆಂಚಿನ ಕೆಳಗೆ ಸಿಕ್ಕಿದ್ದನ್ನೆಲ್ಲ ಪಟ್ಟಿ ಮಾಡಿಸಿ.

ಉತ್ತರ (ಬೆಳಗಾವಿ, ಫೌಂಡ್ರಿ):

ಫೌಂಡ್ರಿ ಕಡೆಯಿಂದ ಒಂದು ಮಾತು ಹೇಳ್ತೀನಿ ನೋಡ್ರಿ. ನಾವು ಗ್ರೇಡ್ ನೋಡಿ ಲೋಹ ಕರಗಿಸುತ್ತೇವೆ. ನಿಮ್ಮ ಬಾಡಿ ಎಸ್‌ಜಿ ಐರನ್ (ಒಂದು ಬಗೆಯ ಎರಕದ ಕಬ್ಬಿಣ) ಇದ್ದು ಆರ್ಡರ್ 200 ಪೀಸು ಮಾತ್ರ ಇದ್ದರೆ, ಅದೇ ಗ್ರೇಡ್‌ನ ಬೇರೆ ಕೆಲಸ ಜೊತೆಗೆ ಬರುವ ತನಕ ನಿಮ್ಮದು ಕಾಯುತ್ತದೆ. 25 ದಿನದಲ್ಲಿ ನಿಜವಾಗಿ ಕೆಲಸ ನಡೆಯುವುದು ಕೆಲವೇ ದಿನ, ಉಳಿದದ್ದು ಸರದಿ. ಅದಕ್ಕೇ ನಿಮ್ಮ ಅಂದಾಜು ನಮಗೂ ಕೊಡಿ, ಪಕ್ಕಾ ಆಗಿರಬೇಕು ಅಂತೇನಿಲ್ಲ, ನಾವು ಕೋರ್ (ಎರಕದ ಒಳಗೆ ಟೊಳ್ಳು ಬಿಡಲು ಅಚ್ಚಿನಲ್ಲಿ ಇಡುವ ಮರಳಿನ ತುಂಡು) ಮಾಡಿಟ್ಟುಕೊಂಡು ಸರದಿ ಹಿಡಿದಿಡಬಹುದು. ಇನ್ನೊಂದು, ಕಾಸ್ಟಿಂಗ್ ಒಳಗಿನ ಬ್ಲೋ ಹೋಲ್ (ಗಾಳಿ ಸಿಕ್ಕಿ ಆದ ತೂತು) ನಿಮ್ಮಲ್ಲಿ ಮಷಿನಿಂಗ್ ಆದ ಮೇಲೇ ಕಾಣುವುದು. ಎಷ್ಟು ಹೋಯಿತು ಅಂತ ಪ್ರತಿ ಲಾಟ್‌ಗೂ ಬರೆದು ನಮಗೆ ತಿಳಿಸಿದರೆ ಅಷ್ಟು ಹೆಚ್ಚಿಗೆ ಹೊಯ್ಯುತ್ತೇವೆ, ದೋಷವನ್ನೂ ಹುಡುಕುತ್ತೇವೆ. ಗಣಪತಿ ಹಬ್ಬ, ದೀಪಾವಳಿ ಹೊತ್ತಿಗೆ ಕೆಲಸಗಾರರು ಊರಿಗೆ ಹೋಗುತ್ತಾರೆ. ಆ ತಿಂಗಳುಗಳಿಗೆ 25 ದಿನ ಅಂತ ಹಿಡಿಯಬೇಡಿ, ಒಂದು ವಾರ ಸೇರಿಸಿ.

ಉತ್ತರ (ಹುಬ್ಬಳ್ಳಿ, ಪರ್ಚೇಸ್ ಮತ್ತು ಅಕೌಂಟ್ಸ್):

ಮೇಲಿನವರು ಹೇಳಿದ್ದು ಎಲ್ಲ ಸರಿ, ದುಡ್ಡಿನ ಕಡೆಯೂ ನೋಡಿ. ನಿಮ್ಮ ಸ್ಟೋರ್ ತುಂಬಿರುವುದು ಯಾವುದರಿಂದ ಅಂತ ಮೊದಲು ಬೆಲೆ ಹಾಕಿ. ಐಟಂ, ಎಷ್ಟಿದೆ, ದರ, ಕೊನೆಯ ಸಲ ಯಾವಾಗ ಹೊರಗೆ ಹೋಯಿತು, ಇಷ್ಟೇ ನಾಲ್ಕು ಕಾಲಂ. ಬೆಲೆಯ ಪ್ರಕಾರ ಮೇಲಿನಿಂದ ಕೆಳಗೆ ಜೋಡಿಸಿದರೆ ಮೊದಲ ಪುಟದಲ್ಲೇ ಹೆಚ್ಚಿನ ದುಡ್ಡು ಸಿಗುತ್ತದೆ. ವರ್ಷದಿಂದ ಅಲ್ಲಾಡದೇ ಇರುವುದನ್ನು ಸಪ್ಲೈಯರ್ ವಾಪಸ್ ತಗೊಳ್ಳುತ್ತಾರಾ ಕೇಳಿ, ಇಲ್ಲದಿದ್ದರೆ ಸ್ಕ್ರ್ಯಾಪ್‌ಗೆ ಹಾಕಿ ಜಾಗ ಮಾಡಿ.

ರೇಟ್ ಕಡಿಮೆ ಸಿಗುತ್ತದೆ ಅಂತ ಒಂದು ಟನ್ ಬಾರ್ ತರಿಸುವ ಮುಂಚೆ ಬಿಲ್ ಯಾವಾಗ ಕಟ್ಟಬೇಕು ಅಂತಲೂ ಯೋಚಿಸಿ. ನೋಂದಾಯಿತ ಸೂಕ್ಷ್ಮ, ಸಣ್ಣ ತಯಾರಕರ ಬಿಲ್ಲನ್ನು ಬರಹದ ಒಪ್ಪಂದ ಇದ್ದರೆ ಹೆಚ್ಚೆಂದರೆ 45 ದಿನದೊಳಗೆ, ಒಪ್ಪಂದ ಇಲ್ಲದಿದ್ದರೆ 15 ದಿನದೊಳಗೆ ಕೊಡಬೇಕು. ತಡವಾದರೆ, 2023-24ರಿಂದ ಬಂದ ಆದಾಯ ತೆರಿಗೆ ನಿಯಮದ ಪ್ರಕಾರ ಕೊಟ್ಟ ವರ್ಷದಲ್ಲೇ ಆ ಖರ್ಚು ತೋರಿಸಲು ಸಾಧ್ಯ. ಎರಡು ತಿಂಗಳ ಮಾಲು ತಂದಿಟ್ಟುಕೊಂಡರೆ ಅದು ವಾಲ್ವ್ ಆಗಿ ಕಸ್ಟಮರ್ ದುಡ್ಡು ಬರುವ ಮುಂಚೆಯೇ ನಿಮ್ಮ ಕೈಯಿಂದ ದುಡ್ಡು ಹೋಗಿರುತ್ತದೆ.

ಪ್ಲೇಟಿಂಗ್‌ಗೆ ಹೋಗುವ ಪ್ರತಿ ಲಾಟ್‌ಗೂ ಚಲನ್ ನಂಬರ್ ಹಾಕಿ, ವಾಪಸ್ ಬಂದದ್ದನ್ನು ಅದೇ ನಂಬರಿನ ಎದುರು ಬರೆಯಿರಿ. ಜಿಎಸ್‌ಟಿ ಪ್ರಕಾರವೂ ಜಾಬ್ ವರ್ಕ್‌ಗೆ ಹೋದ ಮಾಲು ಒಂದು ವರ್ಷದೊಳಗೆ ವಾಪಸ್ ಬರಬೇಕು. ಚಿಲ್ಲರೆ ಪೀಸುಗಳು ಅಲ್ಲೇ ಉಳಿದು ಹೋಗುವುದು ಜಾಸ್ತಿ.

ಕೇಳಿದವರು:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಕಟ್ಟಿಂಗ್ ಉದ್ದದ ವಿಚಾರ ನಾಳೆಯೇ ನೋಡುತ್ತೇನೆ. ಇನ್ನೊಂದು ತೊಂದರೆ, ಕಸ್ಟಮರ್ 12ನೇ ತಾರೀಕಿಗೆ ಫೋನ್ ಮಾಡಿ 500 ಅಲ್ಲ 650 ಬೇಕು ಅನ್ನುತ್ತಾರೆ, ಇಲ್ಲವೇ ಮಾಡೆಲ್ ಬದಲಿಸುತ್ತಾರೆ. ಆಗ ಪ್ಲಾನ್ ಇದ್ದೂ ಏನು ಮಾಡುವುದು?

ಉತ್ತರ (ಬೆಂಗಳೂರು, ಸ್ಟೋರ್ಸ್ ಮತ್ತು ಪ್ಲಾನಿಂಗ್):

ಮುಂದಿನ ಎರಡು ವಾರದ ಪ್ಲಾನ್ ಮುಟ್ಟಬಾರದು ಅಂತ ಅವರ ಜೊತೆ ಮಾತಾಡಿ ಒಪ್ಪಿಸಿ. ದೊಡ್ಡ ಕಂಪನಿಯವರಿಗೂ ಇದು ಗೊತ್ತಿರುವ ಪದ್ಧತಿ, ಕೇಳಿದರೆ ಅನೇಕರು ಒಪ್ಪುತ್ತಾರೆ. ಜಾಸ್ತಿ ಬೇಕು ಅಂದಾಗ ಫೋನಿನಲ್ಲೇ ಆಗಲಿ ಸರ್ ಅನ್ನಬೇಡಿ, ಅರ್ಧ ಗಂಟೆ ಸಮಯ ಕೇಳಿ. ಶೀಟ್‌ನಲ್ಲಿ 500 ಇದ್ದಲ್ಲಿ 650 ಹಾಕಿದರೆ ಯಾವ ಐಟಂ ಕೊರತೆ ಅಂತ ಅಲ್ಲೇ ಕಾಣುತ್ತದೆ. ಕಾಸ್ಟಿಂಗ್ 560 ಮಾತ್ರ ಇದ್ದರೆ 560 ಈ ತಿಂಗಳು, 90 ಮುಂದಿನ ತಿಂಗಳು ಇಂಥ ತಾರೀಕಿಗೆ ಅಂತ ಬರೆದು ಕಳಿಸಿ. ಮಾಡೆಲ್ ಬದಲಾವಣೆಗೆ ನಿಮ್ಮ ವಾಲ್ವ್‌ಗಳಲ್ಲಿ ಯಾವ ಪಾರ್ಟ್‌ಗಳು ಎಲ್ಲ ಮಾಡೆಲ್‌ಗೂ ಬರುತ್ತವೆ ಅಂತ ಗುರುತು ಹಾಕಿ, ಹೆಚ್ಚುವರಿ ಸ್ಟಾಕ್ ಇಡುವುದಾದರೆ ಅವುಗಳದ್ದೇ ಇಡಿ. ಒಂದೇ ಮಾಡೆಲ್‌ಗೆ ಬರುವುದನ್ನು ಆರ್ಡರ್ ಕೈಗೆ ಬಂದ ಮೇಲೆ ತರಿಸಿ. ಬಾಡಿಯನ್ನು ಎಲ್ಲ ಮಾಡೆಲ್‌ಗೂ ಒಂದೇ ಆಗಿರುವ ಹಂತದ ತನಕ ಮಷಿನಿಂಗ್ ಮಾಡಿಟ್ಟು, ಪೋರ್ಟ್ ಥ್ರೆಡ್ ಮಾತ್ರ ಕೊನೆಗೆ ಹಾಕಲು ಆಗುತ್ತದಾ ನೋಡಿ. ಆಗುವುದಾದರೆ 12ಕ್ಕೆ ಬರುವ ಆ ಫೋನಿಗೂ ನಿಮ್ಮ ಹತ್ತಿರ ಸ್ವಲ್ಪ ಸಮಯ ಇರುತ್ತದೆ.