ಅಪ್ಪನ ಕಾಲಿನ ಹುಣ್ಣು ಮಾಯುತ್ತಿಲ್ಲ, ದೊಡ್ಡಪತ್ರೆ ಹಚ್ಚಬಹುದಾ?

ಪ್ರಶ್ನೆ: ಅಪ್ಪನಿಗೆ 64 ವರ್ಷ, ಶುಗರ್ ಬಂದು 15 ವರ್ಷ ಆಯಿತು. ಬಲಗಾಲಿನ ಹೆಬ್ಬೆರಳ ಬುಡದಲ್ಲಿ, ಅಂಗಾಲಿಗೆ, ರೂಪಾಯಿ ನಾಣ್ಯದಷ್ಟು ಹುಣ್ಣು. ಮೂರು ತಿಂಗಳಲ್ಲಿ ಮೂರು ಮುಲಾಮು ಬದಲಾಯಿಸಿದ್ದೇವೆ. ದಿನಾ ಅಯೋಡಿನ್ ಹಾಕಿ ತೊಳೆಯುತ್ತೇವೆ. ನೋವಿಲ್ಲ ಅನ್ನುತ್ತಾರೆ, ತೋಟಕ್ಕೂ ಹೋಗಿ ಬರುತ್ತಾರೆ. ದೊಡ್ಡಪತ್ರೆಯಿಂದ ಇದಕ್ಕೆ ಔಷಧಿ ಮಾಡಿದ್ದಾರೆ ಅಂತ ವಾಟ್ಸಾಪ್‌ನಲ್ಲಿ ಬಂತು. ಅಮ್ಮ ಎಲೆ ಅರೆಯಲು ರೆಡಿ. ನಿಜವಾ ಡಾಕ್ಟ್ರೇ?

ಉತ್ತರ: ಸುದ್ದಿ ಸುಳ್ಳಲ್ಲ. ತೈವಾನ್‌ನಲ್ಲಿ 2021ರಲ್ಲಿ ಒಪ್ಪಿಗೆ ಸಿಕ್ಕ ಒಂದು ಕ್ರೀಮ್ ಇದೆ. ಅದರಲ್ಲಿರುವುದು ದೊಡ್ಡಪತ್ರೆ ಮತ್ತು ಒಂದೆಲಗದ ಸಾರ. 236 ಜನರ ಮೇಲೆ ಪರೀಕ್ಷೆ ಮಾಡಿದಾಗ, 16 ವಾರದಲ್ಲಿ ಕ್ರೀಮ್ ಹಚ್ಚಿದವರಲ್ಲಿ ನೂರಕ್ಕೆ ಸುಮಾರು 61 ಮಂದಿಯ ಹುಣ್ಣು ಪೂರ್ತಿ ಮಾಯಿತು. ಬರೀ ಪಟ್ಟಿ ಕಟ್ಟಿದವರಲ್ಲಿ 35. ಆದರೆ ಅದು ಶುದ್ಧ ಮಾಡಿ, ಅಳತೆ ಹಿಡಿದು ಬೆರೆಸಿದ ಸಾರ. ಹಿತ್ತಲಿನ ಎಲೆಯಲ್ಲಿ ಮಣ್ಣೂ ಇರುತ್ತದೆ, ಕೀಟಾಣುವೂ ಇರುತ್ತದೆ. ಎಲೆ ತಂಬುಳಿಗೇ ಇರಲಿ ಅಂತ ಅಮ್ಮನಿಗೆ ಹೇಳಿ.

ನನಗೆ ದಿಗಿಲಾಗಿದ್ದು ಮುಲಾಮಿನ ವಿಷಯಕ್ಕಲ್ಲ, ‘ನೋವಿಲ್ಲ, ತೋಟಕ್ಕೆ ಹೋಗುತ್ತಾರೆ’ ಅಂದಿರಲ್ಲ, ಅದಕ್ಕೆ. ಶುಗರ್‌ನಿಂದ ಪಾದದ ನರ ಸತ್ತಿದೆ, ಅದಕ್ಕೇ ನೋವಿಲ್ಲ. ನಮಗಾದರೆ ಗಾಯದ ಮೇಲೆ ಕಾಲಿಟ್ಟ ಕೂಡಲೇ ಕುಂಟುತ್ತೇವೆ, ಅಲ್ವಾ? ಅವರು ಕುಂಟುವುದಿಲ್ಲ. ಪ್ರತಿ ಹೆಜ್ಜೆಗೂ ಮೈಭಾರ ಆ ನಾಣ್ಯದ ಮೇಲೇ ಬೀಳುತ್ತದೆ. ಯಾವ ಕ್ರೀಮೂ ಅದನ್ನು ತಡೆಯುವುದಿಲ್ಲ. ಮೊದಲು ಭಾರ ತಪ್ಪಿಸಬೇಕು. ಅದಕ್ಕೆ ಮೊಣಕಾಲಿನ ಕೆಳಗಿನ ತನಕ ಅಚ್ಚು ಹಾಕಿದಂತೆ ಕೂರುವ ಪ್ಲಾಸ್ಟರ್ ಇದೆ, ಟೋಟಲ್ ಕಾಂಟ್ಯಾಕ್ಟ್ ಕಾಸ್ಟ್ ಅಂತ. ಕುಷ್ಠರೋಗಿಗಳ ಮರಗಟ್ಟಿದ ಪಾದಕ್ಕೆ ಹಾಕುತ್ತಿದ್ದದ್ದು ಆಮೇಲೆ ಶುಗರ್‌ನವರಿಗೂ ಬಂತು. ಹಾಕುವ ಮುಂಚೆ ರಕ್ತ ಹರಿಯುತ್ತಿದೆಯಾ, ಸೋಂಕು ಮೂಳೆಗೆ ಇಳಿದಿದೆಯಾ ನೋಡಲೇಬೇಕು.

ಹುಣ್ಣಿನ ಸುತ್ತ ಹಳದಿ ಬಣ್ಣದ ಜಡ್ಡು ಚರ್ಮ ಕಾಣುತ್ತಿರಬೇಕು. ಅದನ್ನು ಆಸ್ಪತ್ರೆಯಲ್ಲಿ ಕೆತ್ತಿಸಿ, ಮನೆಯಲ್ಲಿ ಬ್ಲೇಡ್ ಹಿಡಿಯಬೇಡಿ. ದಿನಾ ಅಯೋಡಿನ್ ನಿಲ್ಲಿಸಿ, ಹೊಸದಾಗಿ ಬರುವ ಎಳೆ ಚರ್ಮಕ್ಕೂ ಅದು ಪೆಟ್ಟು. ಸಲೈನ್‌ನಲ್ಲಿ ತೊಳೆದು, ತೇವ ಹಿಡಿದಿಡುವ ಸಾದಾ ಪಟ್ಟಿ ಸಾಕು. ಜೇನು, ಬೆಳ್ಳಿ ಕ್ರೀಮ್‌ಗಳಿಗೆ ಸುಮ್ನೆ ದುಡ್ಡು ಸುರಿಯಬೇಡಿ. ಗ್ರೋತ್ ಫ್ಯಾಕ್ಟರ್ (ಹೊಸ ಚರ್ಮ ಬೆಳೆಯಲು ಪ್ರಚೋದಿಸುವ ಪ್ರೋಟೀನ್) ಇರುವ ಜೆಲ್ ನಾನು ಬರೆಯುವುದುಂಟು, ಆದರೆ ರಕ್ತ ಸರಿಯಾಗಿ ಹರಿಯುತ್ತಿದ್ದು, ಭಾರ ತಪ್ಪಿಸಿದ ಮೇಲೂ ಹುಣ್ಣು ಹಟ ಹಿಡಿದರೆ ಮಾತ್ರ.

ಪ್ರಶ್ನೆ: ಪ್ಲಾಸ್ಟರ್ ಬೇಡ ಅಂತಾರೆ ಸಾರ್. ಶುಗರ್‌ನವರಿಗೆ ಅಂತ ಸಿಗುವ ಮೆತ್ತನೆ ರಬ್ಬರ್‌ನ ಎಂಸಿಆರ್ ಚಪ್ಪಲಿ ಸಾಕಲ್ವಾ?

ಉತ್ತರ: ಅದು ಹುಣ್ಣು ಮಾಯ್ದ ಮೇಲೆ, ಮತ್ತೆ ಬರದಿರಲಿ ಅಂತ. ಅದನ್ನೂ ನಮ್ಮವರು ಹೊಸಿಲ ಹೊರಗೇ ಬಿಟ್ಟು ಒಳಗೆ ಬರಿಗಾಲಲ್ಲಿ ಓಡಾಡುತ್ತಾರೆ! ಪ್ಲಾಸ್ಟರ್ ಒಳ್ಳೆಯದು ಯಾಕೆಂದರೆ ಬಿಚ್ಚಿಡಲು ಆಗುವುದಿಲ್ಲ. ಒಪ್ಪದೇ ಇದ್ದರೆ ಮೊಣಕಾಲುದ್ದದ ವಾಕರ್ ಬೂಟ್ ಕೇಳಿ, ಬಚ್ಚಲಿಗೆ ಹೋಗುವಾಗಲೂ ಬಿಚ್ಚಬಾರದು.

ವಾರಕ್ಕೊಮ್ಮೆ ಪಟ್ಟಿ ಬದಲಿಸುವಾಗ ಶುದ್ಧವಾದ ಪಾರದರ್ಶಕ ಹಾಳೆ ಇಟ್ಟು ಹುಣ್ಣಿನ ಅಂಚು ಗೀಚಿಕೊಳ್ಳಿ. ನಾಲ್ಕು ವಾರದಲ್ಲಿ ಅರ್ಧಕ್ಕೆ ಇಳಿಯದಿದ್ದರೆ ಚಿಕಿತ್ಸೆಯನ್ನೇ ಬದಲಿಸಬೇಕು. ಕಾಲು ಕೆಂಪಾಗಿ ಊದಿದರೆ, ವಾಸನೆ ಬಂದರೆ, ಬೆರಳು ಕಪ್ಪಾದರೆ, ಜ್ವರ ಬಂದರೆ ಇಲ್ಲಿ ಮೆಸೇಜ್ ಹಾಕುತ್ತಾ ಕೂರಬೇಡಿ, ಅವತ್ತೇ ಆಸ್ಪತ್ರೆಗೆ ಹೊರಡಿ.