ಮನೆಯಲ್ಲಿ ಕಲಸಿದ ಸ್ಯಾನಿಟೈಸರ್ ಬಗ್ಗೆ ಅತ್ತೆಗೆ ನನ್ನ ಉತ್ತರ

ಅತ್ತೆ, ನಮಸ್ಕಾರ. 70% ಐಸೊಪ್ರೊಪೈಲ್ ಸ್ಪಿರಿಟ್‌ಗೆ ಅಷ್ಟೇ ಅಳತೆಯ ಲೋಳೆಸರದ ತಿರುಳನ್ನೂ ನಾಲ್ಕು ಹನಿ ನಿಂಬೆರಸವನ್ನೂ ಸೇರಿಸಿ ಸ್ಯಾನಿಟೈಸರ್ ಕಲಸುವ ವಿಧಾನವನ್ನು ಬೆಳಿಗ್ಗೆ ನೀವು ಕಳುಹಿಸಿದ್ದಿರಿ. ಮಕ್ಕಳ ಶಾಲಾ ಚೀಲಗಳಿಗೂ ಒಂದೊಂದು ಸೀಸೆ ಹಾಕಿದ್ದೀರೆಂದು ತಿಳಿದ ಮೇಲೆ ಸುಮ್ಮನಿರಲು ಮನಸ್ಸಾಗಲಿಲ್ಲ. ಮಾತು ಸ್ವಲ್ಪ ದೀರ್ಘವಾಗಬಹುದು, ದಯವಿಟ್ಟು ಕೊನೆಯವರೆಗೂ ಕೇಳಿ.

ಮೊದಲು ಲೆಕ್ಕ ನೋಡೋಣ. 100 ಮಿಲಿ ಸ್ಪಿರಿಟ್‌ನಲ್ಲಿ ಇರುವ ಆಲ್ಕೋಹಾಲ್ 70 ಮಿಲಿ. ಅದಕ್ಕೆ 100 ಮಿಲಿ ತಿರುಳು ಸೇರಿದರೆ ಒಟ್ಟು 200 ಮಿಲಿಯಲ್ಲಿ ಅದೇ 70 ಮಿಲಿ, ಅಂದರೆ ಕೇವಲ 35%. ಕೈಯ ರೋಗಾಣುಗಳ ಮೇಲೆ ನೆಚ್ಚಿಕೊಳ್ಳುವಷ್ಟು ಪರಿಣಾಮ ಆಗಬೇಕಾದರೆ ಕನಿಷ್ಠ 60% ಇರಬೇಕು. ತಿರುಳನ್ನು ಅರ್ಧಕ್ಕಿಳಿಸಿದರೂ ಪ್ರಮಾಣ 47% ದಾಟುವುದಿಲ್ಲ. ಆದರೂ ವಾಸನೆ ಬರುತ್ತದೆ, ಅಂಗೈ ತಣ್ಣಗಾಗುತ್ತದೆ, ಕೈ ಶುದ್ಧವಾಯಿತೆಂಬ ಭರವಸೆ ಮೂಡುತ್ತದೆ. ನನಗೆ ಭಯವಿರುವುದು ಆ ಭರವಸೆಯ ಬಗ್ಗೆಯೇ, ಏಕೆಂದರೆ ಮಕ್ಕಳು ಅದನ್ನು ನಂಬಿ ಕೈ ತೊಳೆಯದೆ ಊಟಕ್ಕೆ ಕೂರುತ್ತಾರೆ. ನಿಂಬೆರಸದಿಂದಲೂ ಉಪಯೋಗವಿಲ್ಲ, ಒಡೆದ ಚರ್ಮಕ್ಕೆ ಉರಿಯಷ್ಟೇ.

ಹಾಗಾದರೆ ಇನ್ನೂ ಗಟ್ಟಿ ಸ್ಪಿರಿಟ್ ತಂದು ಮಾಡಬಹುದಲ್ಲವೇ ಎಂದು ಮಾವ ಕೇಳಿದ್ದಾರೆ. ವಿಶ್ವ ಆರೋಗ್ಯ ಸಂಸ್ಥೆ ಕೊಟ್ಟಿರುವ ಸೂತ್ರವೊಂದು ನಿಜಕ್ಕೂ ಇದೆ: 10 ಲೀಟರ್‌ಗೆ 99.8% ಐಸೊಪ್ರೊಪೈಲ್ ಆಲ್ಕೋಹಾಲ್ 7,515 ಮಿಲಿ, 3% ಹೈಡ್ರೋಜನ್ ಪೆರಾಕ್ಸೈಡ್ 417 ಮಿಲಿ, ಗ್ಲಿಸರಿನ್ 145 ಮಿಲಿ, ಉಳಿದದ್ದು ಕುದಿಸಿ ಆರಿಸಿದ ನೀರು. ಅದರಲ್ಲಿ ಪೆರಾಕ್ಸೈಡ್ ಇರುವುದು ಕೈಗಾಗಿ ಅಲ್ಲ, ದ್ರಾವಣ ಮತ್ತು ಸೀಸೆಯೊಳಗೆ ಉಳಿದಿರಬಹುದಾದ ಬೀಜಾಣುಗಳನ್ನು, ಅಂದರೆ ಬ್ಯಾಕ್ಟೀರಿಯಾಗಳ ಗಟ್ಟಿ ಕವಚದ ಸುಪ್ತ ರೂಪಗಳನ್ನು, ನಾಶಮಾಡಲು. ಅದಕ್ಕಾಗಿಯೇ ತುಂಬಿಸಿದ ಸೀಸೆಗಳನ್ನು 72 ಗಂಟೆ ಬಳಸದೆ ಇಡಬೇಕು. ಆದರೆ ಅದು ಔಷಧ ತಯಾರಿಕೆಯ ತರಬೇತಿ ಪಡೆದವರು, ಆಲ್ಕೋಹಾಲ್ ಪ್ರಮಾಣವನ್ನು ಮಾಪಕದಿಂದ ಪರೀಕ್ಷಿಸಿ, ಬೆಂಕಿಯ ಸುಳಿವಿಲ್ಲದ ಕೋಣೆಯಲ್ಲಿ ಮಾಡುವ ಕೆಲಸವೇ ಹೊರತು ಒಲೆ ಉರಿಯುವ ಅಡುಗೆಮನೆಯಲ್ಲಿ ಮಾಡುವಂಥದ್ದಲ್ಲ. ಚೀಟಿಯಿಲ್ಲದ ಡಬ್ಬಿಯ ಸ್ಪಿರಿಟ್‌ನಲ್ಲಿ ಮೆಥನಾಲ್ ಎಂಬ ವಿಷಕಾರಿ ಆಲ್ಕೋಹಾಲ್ ಇದ್ದರಂತೂ ಅದು ಚರ್ಮದ ಮೂಲಕವೂ ದೇಹವನ್ನು ಸೇರುತ್ತದೆ. ಮಗುವೊಂದು ಕುಡಿದರೆ ಕಣ್ಣು ಹೋಗಬಹುದು, ಪ್ರಾಣವೂ ಹೋಗಬಹುದು.

ಇಷ್ಟೆಲ್ಲ ಶ್ರಮವೇ ಬೇಡವೆನ್ನುವುದಕ್ಕೆ ನಿಜವಾದ ಕಾರಣ ಬಚ್ಚಲಿನಲ್ಲಿರುವ ಸಾಬೂನು. ಅದರ ಪ್ರತಿ ಅಣುವಿನ ಒಂದು ತುದಿ ನೀರನ್ನು ಹಿಡಿದರೆ ಇನ್ನೊಂದು ತುದಿ ಜಿಡ್ಡನ್ನು ಹಿಡಿಯುತ್ತದೆ. ಕೊರೊನಾ, ಫ್ಲೂ ವೈರಾಣುಗಳ ಹೊರಪೊರೆ ಕೊಬ್ಬಿನದಾದ್ದರಿಂದ ಸಾಬೂನಿಗೆ ಅದು ಒಡೆಯುತ್ತದೆ. ವಾಂತಿಭೇದಿ ತರುವ ನೊರೊವೈರಸ್‌ಗೆ ಅಂಥ ಪೊರೆಯೇ ಇಲ್ಲ, ಹಾಗಾಗಿ ಒಳ್ಳೆಯ ಸ್ಯಾನಿಟೈಸರ್ ಕೂಡ ಅದರ ಮುಂದೆ ದುರ್ಬಲ. ಆದರೆ ತೊಳೆಯುವಾಗ ಅದು ಸಾಯಲೇಬೇಕೆಂದಿಲ್ಲ, ಉಜ್ಜುವಿಕೆಗೆ ಚರ್ಮದಿಂದ ಬಿಟ್ಟುಕೊಂಡು ನೀರಿನೊಡನೆ ಹೋದರೆ ಸಾಕು. ಮಣ್ಣು, ಎಣ್ಣೆ ಮೆತ್ತಿದ ಕೈಗಂತೂ ಸಾಬೂನಿಗೆ ಸಾಟಿಯಿಲ್ಲ. ಬಿಸಿನೀರೇ ಆಗಬೇಕೆಂದಿಲ್ಲ, ದುಬಾರಿ ಸಾಬೂನೂ ಬೇಡ. ಬೆರಳ ಸಂದು, ಉಗುರಿನ ಅಡಿ, ಹೆಬ್ಬೆರಳಿನ ಸುತ್ತ ಸೇರಿದಂತೆ ಕನಿಷ್ಠ 20 ಸೆಕೆಂಡು ಉಜ್ಜಿ, ತೊಳೆದು, ಒಣಗಿಸಿಕೊಳ್ಳಬೇಕು. ಹೆಬ್ಬೆರಳನ್ನು ನಾವೆಲ್ಲರೂ ಮರೆಯುತ್ತೇವೆ.

ನೀರು ಸಿಗದ ಪ್ರಯಾಣಕ್ಕೆ, ಚೀಟಿಯ ಮೇಲೆ 60%ಕ್ಕಿಂತ ಹೆಚ್ಚು ಎಂದು ಬರೆದಿರುವ ಸ್ಯಾನಿಟೈಸರ್ ಕೊಂಡುಕೊಳ್ಳಿ. ಹಚ್ಚಿದ ಮೇಲೆ ಒರೆಸದೆ, ಪೂರ್ತಿ ಆರುವವರೆಗೆ ಉಜ್ಜಬೇಕು.

ಅತ್ತೆ, ಮಕ್ಕಳ ಮೇಲಿನ ಕಾಳಜಿಯಿಂದಲೇ ನೀವು ಇದನ್ನು ಮಾಡಿದಿರೆಂದು ನನಗೆ ಗೊತ್ತು. ಆ ಸೀಸೆಗಳನ್ನು ಇಂದೇ ಚೀಲದಿಂದ ತೆಗೆದು, ಒಲೆ ದೀಪಗಳಿಂದ ದೂರದಲ್ಲಿ ಧಾರಾಳವಾಗಿ ನೀರು ಬಿಟ್ಟು ಬಚ್ಚಲಿಗೆ ಸುರಿದುಬಿಡಿ. ಅವುಗಳ ಜಾಗದಲ್ಲಿ ಪುಟ್ಟ ಡಬ್ಬಿಯಲ್ಲಿ ಸಾಬೂನಿನ ತುಂಡು, ಒಂದು ಕೈವಸ್ತ್ರ ಇಟ್ಟುಕೊಡಿ.