ಸದಸ್ಯರ ಸಂಘಕ್ಕೆ ಎಐ ತರುವ ಮುನ್ನ: ತಂತ್ರಜ್ಞಾನ ಮುಖ್ಯಸ್ಥರೊಬ್ಬರ ಪ್ರಶ್ನೆ ಮತ್ತು ಉತ್ತರ

ಪ್ರಶ್ನೆ:
ಹತ್ತು ಸಾವಿರಕ್ಕೂ ಹೆಚ್ಚು ಸದಸ್ಯರಿರುವ ವೃತ್ತಿಪರರ ಸಂಘವೊಂದರಲ್ಲಿ ನಾನು ಆರು ತಿಂಗಳ ಹಿಂದೆ ತಂತ್ರಜ್ಞಾನ ವಿಭಾಗದ ಹೊಣೆ ವಹಿಸಿಕೊಂಡಿದ್ದೇನೆ. ಸದಸ್ಯರ ಪ್ರಶ್ನೆಗಳಿಗೆ ಉತ್ತರಿಸುವ ಚಾಟ್‌ಬಾಟ್ ಮತ್ತು ಯಾರು ಸದಸ್ಯತ್ವ ನವೀಕರಿಸದೆ ಹೋಗಬಹುದೆಂದು ಮುಂಚಿತವಾಗಿ ಅಂದಾಜಿಸುವ ವ್ಯವಸ್ಥೆ, ಇವೆರಡೂ ಮುಂದಿನ ಮಹಾಸಭೆಯೊಳಗೆ ಸಿದ್ಧವಾಗಬೇಕೆಂದು ಕಾರ್ಯಕಾರಿ ಸಮಿತಿ ಬಯಸುತ್ತಿದೆ. ಈ ನಡುವೆ, ಕಚೇರಿಯ ಕೆಲವು ಸಿಬ್ಬಂದಿ ಸಭಾ ನಡಾವಳಿಗಳನ್ನೂ ಸದಸ್ಯರ ದೂರುಗಳನ್ನೂ ಉಚಿತ ಎಐ ಸಾಧನಗಳಿಗೆ ಹಾಕಿ ಸಾರಾಂಶ ತೆಗೆಯುತ್ತಿರುವುದು ನನ್ನ ಗಮನಕ್ಕೆ ಬಂದಿದೆ. ಇದನ್ನು ನಿಷೇಧಿಸಬೇಕೇ? ಯಾವುದರಿಂದ ಆರಂಭಿಸಬೇಕು?

ಉತ್ತರ:
ಸಮಿತಿ ಕೇಳಿರುವ ಎರಡು ಯೋಜನೆಗಳಿಗಿಂತ ಮೊದಲು, ನೀವು ಕೊನೆಯಲ್ಲಿ ಹೇಳಿದ ಸಂಗತಿಯನ್ನು ಕೈಗೆತ್ತಿಕೊಳ್ಳಿ. ನಿಮ್ಮ ಸಂಘದಲ್ಲಿ ಎಐ ಬಳಕೆ ಆಗಲೇ ಆರಂಭವಾಗಿದೆ. ಅದು ಯಾರ ಅನುಮತಿಯೂ ಇಲ್ಲದೆ ನಡೆಯುತ್ತಿದೆ ಎಂಬುದಷ್ಟೇ ಸಮಸ್ಯೆ. ಬರಿಯ ನಿಷೇಧದಿಂದ ಆ ಬಳಕೆ ಕಚೇರಿಯ ಕಂಪ್ಯೂಟರಿನಿಂದ ಸಿಬ್ಬಂದಿಯ ಸ್ವಂತ ಫೋನಿಗೆ ಸರಿಯುತ್ತದೆ, ಆಮೇಲೆ ನಿಮಗೆ ಕಾಣಿಸುವುದೂ ಇಲ್ಲ. 2023ರಲ್ಲಿ ಸ್ಯಾಮ್‌ಸಂಗ್ ಕಂಪನಿಯ ಕೆಲವು ಎಂಜಿನಿಯರುಗಳು ಗೋಪ್ಯ ಸಾಫ್ಟ್‌ವೇರ್ ಸಂಕೇತಗಳನ್ನು ಚಾಟ್‌ಜಿಪಿಟಿಗೆ ಹಾಕಿದ್ದು ಬಯಲಾಗಿ, ಕಂಪನಿ ಅಂಥ ಸಾಧನಗಳ ಬಳಕೆಯನ್ನೇ ತಡೆಯಬೇಕಾಯಿತು. ಆ ಎಂಜಿನಿಯರುಗಳಿಗೆ ಕೇಡು ಮಾಡುವ ಉದ್ದೇಶವಿರಲಿಲ್ಲ, ಕೆಲಸ ಬೇಗ ಮುಗಿಸುವ ಆತುರವಿತ್ತು. ನಿಮ್ಮ ಸಿಬ್ಬಂದಿಯದೂ ಅದೇ ಆತುರ. ಆದ್ದರಿಂದ ಯಾರನ್ನೂ ಶಿಕ್ಷಿಸುವುದಿಲ್ಲವೆಂದು ಮೊದಲು ಭರವಸೆ ಕೊಟ್ಟು, ಯಾರು ಯಾವ ಕೆಲಸಕ್ಕೆ ಯಾವ ಸಾಧನ ಬಳಸುತ್ತಿದ್ದಾರೆಂದು ಕೇಳಿ ಪಟ್ಟಿ ಮಾಡಿ. ಸಂಘದ ಖಾತೆಯಲ್ಲಿ, ನಾವು ಕೊಟ್ಟ ಮಾಹಿತಿಯನ್ನು ಎಐ ಮಾದರಿಯ (ದತ್ತಾಂಶದಿಂದ ಕಲಿತು ಉತ್ತರ ಕೊಡುವ ಸಾಫ್ಟ್‌ವೇರಿನ) ತರಬೇತಿಗೆ ಬಳಸುವಂತಿಲ್ಲ ಎಂಬ ಕರಾರಿನೊಂದಿಗೆ ಒಂದು ಸಾಧನವನ್ನು ಒದಗಿಸಿ. ಸದಸ್ಯರ ಹೆಸರು, ದೂರು, ಶಿಸ್ತು ಪ್ರಕರಣ ಮತ್ತು ಹಣದ ವಿವರಗಳನ್ನು ಅದಕ್ಕೂ ಹಾಕಬಾರದೆಂಬ ನಿಯಮವನ್ನು ಒಂದೇ ಪುಟದಲ್ಲಿ, ಉದಾಹರಣೆಗಳ ಸಮೇತ ಬರೆದುಕೊಡಿ. ನಲವತ್ತು ಪುಟದ ನೀತಿಯನ್ನು ಯಾರೂ ಓದುವುದಿಲ್ಲ.

ಇನ್ನು ಮುಖ್ಯ ವಿಷಯಕ್ಕೆ ಬರುತ್ತೇನೆ. ಅಂಗಡಿಯ ಗಿರಾಕಿಗೂ ಸಂಘದ ಸದಸ್ಯನಿಗೂ ವ್ಯತ್ಯಾಸವಿದೆ. ಸದಸ್ಯ ಶುಲ್ಕ ಕೊಡುತ್ತಾನೆ, ಜೊತೆಗೆ ಮತ ಹಾಕುತ್ತಾನೆ. ಸಂಘ ಯಾರದು ಎಂದು ಕೇಳಿದರೆ ಅವನದೇ. ಅವನು ತನ್ನ ವಿವರಗಳನ್ನು ಕೊಟ್ಟದ್ದು ಸದಸ್ಯತ್ವಕ್ಕಾಗಿ, ತನ್ನ ಮುಂದಿನ ನಡೆಯನ್ನು ಯಂತ್ರವೊಂದು ಊಹಿಸಲಿ ಎಂದಲ್ಲ. ಯಾವ ಉದ್ದೇಶಕ್ಕೆ ಪಡೆದ ಮಾಹಿತಿಯೋ ಆ ಉದ್ದೇಶಕ್ಕಷ್ಟೇ ಬಳಸಬೇಕೆಂಬ ತತ್ತ್ವ ಯುರೋಪಿನ ಜಿಡಿಪಿಆರ್ ಸೇರಿದಂತೆ ಅನೇಕ ದತ್ತಾಂಶ ರಕ್ಷಣಾ ಕಾನೂನುಗಳಲ್ಲಿದೆ. ಆದರೆ ಕಾನೂನು ಸುಮ್ಮನಿದ್ದ ಕಡೆಯಲ್ಲೂ ಸದಸ್ಯನನ್ನು ಕೇಳದೆ ಮುಂದುವರಿಯುವುದು ತಪ್ಪೆಂದು ನಾನು ದೃಢವಾಗಿ ನಂಬಿದ್ದೇನೆ. ಮಹಾಸಭೆಯನ್ನು ಸಮಿತಿ ಗಡುವೆಂದು ನೋಡುತ್ತಿದೆ. ಅಂದು ಸಿದ್ಧ ಯಂತ್ರವನ್ನು ಉದ್ಘಾಟಿಸುವ ಬದಲು, ಯಾವ ಮಾಹಿತಿಯನ್ನು ಯಾವುದಕ್ಕೆ ಬಳಸಲಿದ್ದೇವೆ, ಬೇಡವೆನ್ನುವವರು ಹೇಗೆ ಹೊರಗುಳಿಯಬಹುದು ಎಂಬ ಪ್ರಸ್ತಾವವನ್ನು ಸದಸ್ಯರ ಮುಂದಿಟ್ಟು ಒಪ್ಪಿಗೆ ಪಡೆಯಲು ಸಮಿತಿಯ ಮನವೊಲಿಸಿ.

ಮರುಪ್ರಶ್ನೆ:
ಸಮಿತಿಗೆ ಚಾಟ್‌ಬಾಟ್ ಮೇಲೆ ಹೆಚ್ಚು ಆಸೆ. ಅದು ಬರೀ ಮಾಹಿತಿ ಕೊಡುವ ಸಾಧನ, ಅದರಿಂದ ಅಪಾಯವೇನು ಎಂದು ಕೇಳುತ್ತಿದ್ದಾರೆ.

ಉತ್ತರ:
ಅವರಿಗೆ ಎರಡು ಪ್ರಕರಣಗಳನ್ನು ತಿಳಿಸಿ. ಏರ್ ಕೆನಡಾ ವಿಮಾನಯಾನ ಸಂಸ್ಥೆಯ ಚಾಟ್‌ಬಾಟ್, ಕುಟುಂಬದಲ್ಲಿ ಸಾವು ಸಂಭವಿಸಿ ಪ್ರಯಾಣ ಮಾಡುವವರು ಟಿಕೆಟ್ ಕೊಂಡ ಮೇಲೂ 90 ದಿನಗಳೊಳಗೆ ರಿಯಾಯಿತಿಗೆ ಅರ್ಜಿ ಹಾಕಬಹುದೆಂದು ಒಬ್ಬ ಪ್ರಯಾಣಿಕನಿಗೆ ತಿಳಿಸಿತ್ತು. ಸಂಸ್ಥೆಯ ನಿಜವಾದ ನಿಯಮ ಹಾಗಿರಲಿಲ್ಲ. ವಿವಾದ ಕೆನಡಾದ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದ ನ್ಯಾಯಮಂಡಳಿಗೆ ಹೋದಾಗ, ಚಾಟ್‌ಬಾಟ್ ಹೇಳಿದ್ದಕ್ಕೆ ತಾನು ಹೊಣೆಯಲ್ಲವೆಂದು ಸಂಸ್ಥೆ ವಾದಿಸಿತು. 2024ರ ಫೆಬ್ರವರಿಯಲ್ಲಿ ನ್ಯಾಯಮಂಡಳಿ ಆ ವಾದವನ್ನು ತಳ್ಳಿಹಾಕಿ, ಪ್ರಯಾಣಿಕನಿಗೆ ಪರಿಹಾರ ಕೊಡಿಸಿತು.

ಎರಡನೆಯದು ನಿಮ್ಮ ಕ್ಷೇತ್ರಕ್ಕೆ ಇನ್ನೂ ಹತ್ತಿರದ್ದು, ಮತ್ತು ನನಗೆ ಹೆಚ್ಚು ನೋವು ತಂದದ್ದು. ಆಹಾರ ಸೇವನೆಯ ಮಾನಸಿಕ ಸಮಸ್ಯೆಗಳಿಂದ ನರಳುವವರಿಗೆ ನೆರವಾಗುವ ಅಮೆರಿಕದ ನೀಡಾ ಎಂಬ ಲಾಭರಹಿತ ಸಂಸ್ಥೆ ತನ್ನ ಟೆಸ್ಸಾ ಎಂಬ ಚಾಟ್‌ಬಾಟನ್ನು 2023ರಲ್ಲಿ ಹಿಂತೆಗೆದುಕೊಂಡಿತು, ಏಕೆಂದರೆ ಅದು ಅಂಥವರಿಗೇ ಕ್ಯಾಲೊರಿ ಕಡಿತದ ಮತ್ತು ತೂಕ ಇಳಿಸುವ ಸಲಹೆ ಕೊಟ್ಟಿತ್ತು. ಮೊದಲು ಟೆಸ್ಸಾ ತಜ್ಞರು ಬರೆದಿಟ್ಟ ಉತ್ತರಗಳನ್ನಷ್ಟೇ ಹೇಳುತ್ತಿತ್ತು. ಅದನ್ನು ನಡೆಸುತ್ತಿದ್ದ ಕಂಪನಿ ವ್ಯವಸ್ಥೆಯನ್ನು ಮೇಲ್ದರ್ಜೆಗೇರಿಸಿದಾಗ, ತಾನೇ ವಾಕ್ಯ ರಚಿಸುವ ಎಐ ಅದರೊಳಗೆ ಸೇರಿತ್ತು. ನೀವು ಪರೀಕ್ಷಿಸಿ ಒಪ್ಪಿದ ಸಾಧನವೇ ನಾಳೆಯೂ ಅಲ್ಲಿರುತ್ತದೆಂಬ ಖಾತರಿ ಕರಾರಿನಲ್ಲಿ ಬರೆಯದ ಹೊರತು ಇರುವುದಿಲ್ಲ. ಬದಲಾವಣೆಗೆ ಮುನ್ನ ಲಿಖಿತ ಸೂಚನೆ ಕೊಡಬೇಕು, ನಾವು ಒಪ್ಪುವವರೆಗೆ ಹೊಸ ಎಐ ಸೌಲಭ್ಯ ಚಾಲೂ ಆಗಬಾರದು ಎಂಬ ಷರತ್ತನ್ನು ಹಾಕಿಸಿ.

ಬಾಟನ್ನು ತರಲೇಬೇಕೆಂದಾದರೆ, ಸಂಘದ ನಿಯಮಾವಳಿ, ಶುಲ್ಕಪಟ್ಟಿ ಮತ್ತು ಕಾರ್ಯಕ್ರಮ ವಿವರಗಳಿಂದ ಮಾತ್ರ ಉತ್ತರ ತೆಗೆದು, ಯಾವ ನಿಯಮದಿಂದ ಆ ಉತ್ತರ ಬಂತೆಂದು ತೋರಿಸುವಂತೆ ಅದನ್ನು ಕಟ್ಟಿ. ಹೀಗೆ ಕಟ್ಟಿದರೂ ಅದು ತಪ್ಪುವುದುಂಟು, ಏಕೆಂದರೆ ಬಾಟಿನ ಹಿಂದಿರುವ ಭಾಷಾ ಮಾದರಿ ಮುಂದಿನ ಸಂಭಾವ್ಯ ಪದವನ್ನು ಜೋಡಿಸುತ್ತ ಹೋಗುತ್ತದೆಯೇ ಹೊರತು ಸತ್ಯವನ್ನು ಪರಿಶೀಲಿಸುವುದಿಲ್ಲ. ತಿಂಗಳಿಗೆ 500 ಪ್ರಶ್ನೆಗಳು ಬಂದು, ನೂರಕ್ಕೆ ಎರಡು ಉತ್ತರ ತಪ್ಪಿದರೂ ಹತ್ತು ಸದಸ್ಯರಿಗೆ ಸಂಘದ ಹೆಸರಿನಲ್ಲಿ ತಪ್ಪು ಮಾಹಿತಿ ಹೋಗುತ್ತದೆ. ಆ ಹತ್ತು ಮಂದಿಯಲ್ಲಿ ಒಬ್ಬರು ಪರವಾನಗಿ ನವೀಕರಣದ ಕೊನೆಯ ದಿನವನ್ನು ತಪ್ಪಿಸಿಕೊಂಡರೆ ಏನಾಗುತ್ತದೆಂದು ಸಮಿತಿಯನ್ನೇ ಕೇಳಿ. ನನ್ನ ಸಲಹೆಯೆಂದರೆ, ಮೊದಲ ಕೆಲವು ತಿಂಗಳು ಬಾಟ್ ಸದಸ್ಯರ ಎದುರಿಗೆ ಬರದೆ ಸಿಬ್ಬಂದಿಗೆ ಕರಡು ಉತ್ತರ ಬರೆದುಕೊಡಲಿ, ಸಿಬ್ಬಂದಿ ತಿದ್ದಿ ಕಳುಹಿಸಲಿ, ಪ್ರತಿ ತಿದ್ದುಪಡಿಯೂ ದಾಖಲಾಗಲಿ. ಸದಸ್ಯರ ಎದುರಿಗೆ ಯಾವಾಗ ತರಬಹುದೆಂಬುದನ್ನು ಆ ದಾಖಲೆಯೇ ನಿಮಗೆ ತಿಳಿಸುತ್ತದೆ.

ಮರುಪ್ರಶ್ನೆ:
ನವೀಕರಣ ಅಂದಾಜಿಸುವ ವ್ಯವಸ್ಥೆಯ ಬಗ್ಗೆ ಏನು ಹೇಳುತ್ತೀರಿ?

ಉತ್ತರ:
ಅದನ್ನು ಮುಂದೂಡಿ. ಹಿಂದಿನ ವರ್ಷಗಳಲ್ಲಿ ಯಾರು ಬಿಟ್ಟುಹೋದರು ಎಂಬುದರಿಂದ ಕಲಿಯುವ ವ್ಯವಸ್ಥೆ, ಸಂಘವು ಹಿಂದೆ ಯಾರನ್ನು ಕಡೆಗಣಿಸಿತ್ತೋ ಅವರನ್ನೇ ಬಿಟ್ಟುಹೋಗುವವರೆಂದು ಗುರುತಿಸುತ್ತದೆ. ಆ ಪಟ್ಟಿ ನೋಡಿದ ಸಿಬ್ಬಂದಿ ಅವರ ಕಡೆ ಇನ್ನಷ್ಟು ಕಡಿಮೆ ಗಮನ ಕೊಟ್ಟರೆ ಅಂದಾಜು ನಿಜವೇ ಆಗಿಬಿಡುತ್ತದೆ. ಅಮೆಜಾನ್ ಕಂಪನಿ ಪ್ರಯೋಗ ಮಾಡಿ ಕೈಬಿಟ್ಟ ನೇಮಕಾತಿ ಸಾಧನದ ಸುದ್ದಿ 2018ರಲ್ಲಿ ಹೊರಬಂದಿತ್ತು: ಹೆಚ್ಚಾಗಿ ಪುರುಷರಿಂದಲೇ ಬಂದಿದ್ದ ಹಳೆಯ ಅರ್ಜಿಗಳಿಂದ ಕಲಿತ ಅದು ಮಹಿಳೆಯರ ಅರ್ಜಿಗಳಿಗೆ ಕಡಿಮೆ ಅಂಕ ಕೊಡುತ್ತಿತ್ತು. ಸದ್ಯಕ್ಕೆ ಬಿಟ್ಟುಹೋದವರಲ್ಲಿ ಮೂವತ್ತು ಮಂದಿಗೆ ಫೋನ್ ಮಾಡಿ ಕಾರಣ ಕೇಳಿ. ಅದರಿಂದ ತಿಳಿಯುವ ಸಂಗತಿ ಯಾವ ಮಾದರಿಯಿಂದಲೂ ಸಿಗುವುದಿಲ್ಲ.

ಮತ್ತೊಬ್ಬರ ಪ್ರಶ್ನೆ:
ನಮ್ಮದು ನಾಲ್ಕೇ ಸಿಬ್ಬಂದಿಯ ಚಿಕ್ಕ ಸಂಘ. ಎಐ ಬಳಸಲು ಐಎಸ್‌ಒ (ಅಂತರರಾಷ್ಟ್ರೀಯ ಮಾನದಂಡ ಸಂಸ್ಥೆ) ಪ್ರಮಾಣಪತ್ರ ಪಡೆಯಲೇಬೇಕೆಂದು ಸಲಹೆಗಾರರೊಬ್ಬರು ಹೇಳಿದ್ದಾರೆ. ಅದು ಅಗತ್ಯವೇ?

ಉತ್ತರ:
ಎಐ ನಿರ್ವಹಣಾ ವ್ಯವಸ್ಥೆಗೆಂದು 2023ರ ಡಿಸೆಂಬರಿನಲ್ಲಿ ಬಂದ ಐಎಸ್‌ಒ 42001 ಒಳ್ಳೆಯ ಮಾನದಂಡ, ಆದರೆ ಅದರ ಪ್ರಮಾಣಪತ್ರ ಸ್ವಯಂಪ್ರೇರಿತ. ನಿಮ್ಮ ಗಾತ್ರಕ್ಕೆ ಅದು ಸದ್ಯ ಬೇಕಿಲ್ಲ. ಅಮೆರಿಕ ಸರ್ಕಾರದ ಮಾನದಂಡ ಸಂಸ್ಥೆಯಾದ ಎನ್‌ಐಎಸ್‌ಟಿ 2023ರ ಜನವರಿಯಲ್ಲಿ ಪ್ರಕಟಿಸಿದ ಎಐ ಅಪಾಯ ನಿರ್ವಹಣಾ ಚೌಕಟ್ಟು ಉಚಿತವಾಗಿ ಸಿಗುತ್ತದೆ. ಹೊಣೆ ನಿಗದಿಪಡಿಸುವುದು, ಬಳಕೆಯ ಸಂದರ್ಭವನ್ನು ಗುರುತಿಸುವುದು, ಅಪಾಯವನ್ನು ಅಳೆಯುವುದು, ಅದನ್ನು ನಿಭಾಯಿಸುವುದು ಎಂಬ ಅದರ ನಾಲ್ಕು ಕಾರ್ಯಗಳನ್ನು ಒಂದು ಕೋಷ್ಟಕದಲ್ಲೇ ಆರಂಭಿಸಬಹುದು. ಪ್ರತಿ ಸಾಧನಕ್ಕೆ ಒಂದು ಸಾಲು: ಏನು ಮಾಡುತ್ತದೆ, ಯಾವ ಮಾಹಿತಿ ನೋಡುತ್ತದೆ, ತಪ್ಪಾದರೆ ಯಾರಿಗೆ ಹಾನಿ, ನಿಲ್ಲಿಸುವ ಅಧಿಕಾರ ಯಾರಿಗೆ. ಕೊನೆಯ ಕಾಲಂನಲ್ಲಿ ವಿಭಾಗದ ಹೆಸರನ್ನು ಬರೆಯಬೇಡಿ, ಒಬ್ಬ ವ್ಯಕ್ತಿಯ ಹೆಸರನ್ನು ಬರೆಯಿರಿ, ಮತ್ತು ರಜೆಯಲ್ಲಿ ಅವರ ಬದಲಿ ಯಾರೆಂಬುದನ್ನೂ ಸೇರಿಸಿ.